ರೆಸ್ಲರ್ ಹೆಣ್ಣುಮಗಳ ಬದುಕು ಬರೆಯುವಾಗ: ಮನೆಯನ್ನೂ ರಿಂಗನ್ನೂ ಬೇರೆ ಮಾಡಬೇಡಿ

ಪ್ರೊ ರೆಸ್ಲಿಂಗ್‌ನ (ಸೋಲು ಗೆಲುವು ಮೊದಲೇ ಗೊತ್ತು ಮಾಡಿಕೊಂಡು ಜನರ ಮುಂದೆ ಆಡುವ ಕುಸ್ತಿ) ಹೆಣ್ಣುಮಕ್ಕಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಈಗ ಜಾಸ್ತಿಯಾಗಿದ್ದಾರೆ. ಖುಷಿಯ ವಿಷಯ. ಅವರಲ್ಲಿ ಕೆಲವರು ಕರಡನ್ನು ನನಗೆ ಕಳಿಸುತ್ತಾರೆ. ಓದಿ, ಗುರುತು ಹಾಕಿ ವಾಪಸ್ ಕೊಡುವುದು ನನ್ನ ಕೆಲಸ. ಆದರೆ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಮೊದಲು ಹುಟ್ಟಿದ ಊರು. ಆಮೇಲೆ ‘ವೃತ್ತಿಜೀವನ’ ಅಂತ ತಲೆಬರಹ, ಅದರ ಕೆಳಗೆ ಗೆದ್ದ ಬೆಲ್ಟುಗಳ, ಅಂದರೆ ಚಾಂಪಿಯನ್ ಪಟ್ಟಗಳ, ಪಟ್ಟಿ. ಕೊನೆಗೆ ‘ವೈಯಕ್ತಿಕ ಜೀವನ’ ಅಂತ ನಾಲ್ಕು ಸಾಲು: ಇಂಥವರನ್ನು ಮದುವೆಯಾದರು, ಇಷ್ಟು ಮಕ್ಕಳು, ಮುಗೀತು.

ಬೇರೆ ಆಟದವರಿಗೆ ಈ ಅಚ್ಚು ಹೇಗೋ ನಡೆಯುತ್ತದೆ. ರೆಸ್ಲರ್‌ಗೆ ನಡೆಯುವುದಿಲ್ಲ. ಇಲ್ಲಿ ಗಂಡನೇ ಪಂದ್ಯ ಏರ್ಪಡಿಸುವ ಪ್ರೊಮೋಟರ್ ಆಗಿರಬಹುದು. ಅಪ್ಪನೇ ಗುರು ಆಗಿರಬಹುದು. ಅಮ್ಮ ಟ್ಯಾಗ್ ಟೀಮಿನಲ್ಲಿ, ಅಂದರೆ ಜೋಡಿ ಕುಸ್ತಿಯಲ್ಲಿ, ಜೊತೆಗಾತಿ ಆಗಿರಬಹುದು. ಮನೆಯ ಜಗಳ ನೇರವಾಗಿ ಬೆಲ್ಟಿನ ಮೇಲೆ ಬಂದು ಬೀಳುತ್ತದೆ. ಸಾಲದ್ದಕ್ಕೆ, ಟಿವಿಯಲ್ಲಿ ನಡೆಯುವ ಮದುವೆ, ಡಿವೋರ್ಸ್, ಅಪ್ಪ ಮಗಳ ವೈರ ಎಲ್ಲ ಬರೆದಿಟ್ಟ ಕಥೆ. ಅದರಲ್ಲೂ ಅರ್ಧ ನಿಜ ಬೆರೆತಿರುತ್ತದೆ. ಹಾಗಾಗಿ ಬರೆಯುವ ಕ್ರಮವನ್ನೇ ಬದಲಿಸಿಕೊಳ್ಳಬೇಕು. ನಾನು ಮಾಡುವ ರೀತಿ ಹೇಳುತ್ತೇನೆ.

ಎರಡು ಪೆನ್ನು, ಒಂದು ಪೆನ್ಸಿಲ್

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಂಪ್ಯೂಟರ್ ಆದರೂ ಸರಿ, ಬಣ್ಣ ಹಾಕಲು ಬಂದರೆ ಆಯ್ತು. ನಿಜವಾಗಿ ನಡೆದದ್ದನ್ನು ನೀಲಿಯಲ್ಲಿ ಬರೆಯಿರಿ: ಹುಟ್ಟು, ಸಾವು, ಕಾನೂನಿನ ಪ್ರಕಾರ ಆದ ಮದುವೆ, ಗಾಯ, ಒಪ್ಪಂದ. ರಿಂಗಿನ ಕಥೆಯಲ್ಲಿ ನಡೆದದ್ದನ್ನು ಕೆಂಪಿನಲ್ಲಿ ಬರೆಯಿರಿ: ಯಾರು ಯಾರಿಗೆ ದ್ರೋಹ ಮಾಡಿದರು, ಯಾರು ಯಾರ ತಂಗಿ ಅಂತ ಹೇಳಿಕೊಂಡರು. ಒಬ್ಬರ ಬಾಯಿಂದ ಮಾತ್ರ ಬಂದದ್ದು, ಬೇರೆ ಕಡೆ ಸಿಗದೇ ಇದ್ದದ್ದು ಪೆನ್ಸಿಲ್‌ನಲ್ಲಿ. ಎಲ್ಲವೂ ಒಂದೇ ಪಟ್ಟಿ, ವರ್ಷದ ಸಾಲಿನಲ್ಲಿ. ಮನೆಗೆ ಒಂದು ಪುಟ, ರಿಂಗಿಗೆ ಒಂದು ಪುಟ ಅಂತ ಮಾಡಬೇಡಿ. ಅದೇ ಮುಖ್ಯ.

ಯಾಕೆ ಅಂತ ಹಳೆಯ ಕಾಲದ ರೆಸ್ಲರ್ ಮಿಲ್ಡ್ರೆಡ್ ಬರ್ಕ್ ಅವರ ಪಟ್ಟಿ ಮಾಡಿ ನೋಡಿದರೆ ಗೊತ್ತಾಗುತ್ತದೆ. ಹೊಸಬರಿಗೆ ನಾನು ಮೊದಲು ಕೊಡುವ ಅಭ್ಯಾಸವೇ ಇದು.

ಬರ್ಕ್ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಕಾಫಿವಿಲ್‌ನಲ್ಲಿ. ಮೂಲ ಹೆಸರು ಮಿಲ್ಡ್ರೆಡ್ ಬ್ಲಿಸ್. ಸ್ಟೆನೋಗ್ರಾಫರ್ ಕೆಲಸ ಮಾಡುತ್ತಿದ್ದರು. ಇಷ್ಟು ನೀಲಿ. ಕುಸ್ತಿ ಕಲಿಸಿ ಅಂತ ಬಿಲ್ಲಿ ವುಲ್ಫ್ ಎಂಬ ರೆಸ್ಲರ್ ಬಳಿ ಹೋದರು. ಈಕೆಯ ಕಾಟ ತಪ್ಪಲಿ ಅಂತ ವುಲ್ಫ್ ಒಬ್ಬ ಹುಡುಗನನ್ನು ಎದುರು ಬಿಟ್ಟರು, ಬರ್ಕ್ ಆ ಹುಡುಗನನ್ನೇ ಎತ್ತಿ ಒಗೆದರು. ಈ ಕಥೆ ಚೆನ್ನಾಗಿದೆ, ಆದರೆ ಬಂದಿರುವುದು ಬರ್ಕ್ ಕಡೆಯಿಂದ. ಅದು ಪೆನ್ಸಿಲ್. ಆಮೇಲೆ ವುಲ್ಫ್ ಅವರನ್ನೇ ಮದುವೆಯಾದರು. ಜಾತ್ರೆಯ ಡೇರೆಗಳಲ್ಲಿ ಗಂಡಸರ ಜೊತೆ ಕುಸ್ತಿ ಆಡಿದರು. 1937ರಲ್ಲಿ ಕ್ಲಾರಾ ಮಾರ್ಟೆನ್ಸನ್ ಅವರನ್ನು ಸೋಲಿಸಿ ಮಹಿಳೆಯರ ವಿಶ್ವ ಚಾಂಪಿಯನ್ ಅನಿಸಿಕೊಂಡರು. ಪಂದ್ಯ ಗೊತ್ತು ಮಾಡುವವರು ಗಂಡ. ದುಡ್ಡು ಎಣಿಸುವವರೂ ಗಂಡ. ಬೇರೆ ಹೆಣ್ಣು ರೆಸ್ಲರ್‌ಗಳು ಕೂಡ ಅವರ ಕೈಕೆಳಗೇ ಇದ್ದರು.

1950ರ ದಶಕದ ಶುರುವಿನಲ್ಲಿ ಮದುವೆ ಮುರಿಯಿತು. ಇಲ್ಲಿ ನಿಮ್ಮ ಅಚ್ಚಿನ ಪ್ರಕಾರ ಏನು ಮಾಡುತ್ತೀರಿ? ಡಿವೋರ್ಸನ್ನು ಕೊನೆಯ ನಾಲ್ಕು ಸಾಲಿಗೆ ತಳ್ಳುತ್ತೀರಿ. 1954ರ ಆಗಸ್ಟ್‌ನಲ್ಲಿ ಅಟ್ಲಾಂಟಾದಲ್ಲಿ ಜೂನ್ ಬೈಯರ್ಸ್ ಜೊತೆ ನಡೆದ ಪಂದ್ಯವನ್ನು ‘ವೃತ್ತಿಜೀವನ’ದಲ್ಲಿ ಹಾಕುತ್ತೀರಿ. ಓದುಗರಿಗೆ ಆ ಪಂದ್ಯ ಅರ್ಥವೇ ಆಗುವುದಿಲ್ಲ. ಯಾಕಂದರೆ ಜೂನ್ ಬೈಯರ್ಸ್ ಬಿಲ್ಲಿ ವುಲ್ಫ್ ಅವರ ಸೊಸೆ, ಮಗನ ಹೆಂಡತಿ. ಅಂದರೆ ಬಿಟ್ಟುಹೋದ ಹೆಂಡತಿಯ ಎದುರು ಮಾಜಿ ಗಂಡನ ಮನೆಯ ಸೊಸೆ. ಆವತ್ತಿನದು ಮೊದಲೇ ಮಾತಾಡಿಕೊಂಡ ಆಟ ಅಲ್ಲ, ನಿಜವಾದ ಕುಸ್ತಿ. ಮೂರರಲ್ಲಿ ಎರಡು ಫಾಲ್ (ಸುತ್ತು) ಗೆದ್ದವರಿಗೆ ಬೆಲ್ಟ್. ಮೊದಲ ಫಾಲ್ ಬೈಯರ್ಸ್‌ಗೆ ಹೋಯಿತು. ಎರಡನೆಯದು ಮುಗಿಯಲೇ ಇಲ್ಲ, ಅಧಿಕಾರಿಗಳು ಪಂದ್ಯ ನಿಲ್ಲಿಸಿದರು. ಬೆಲ್ಟ್ ತನ್ನದೇ ಅಂತ ಬರ್ಕ್ ಅಂದುಕೊಂಡರು. ಹೊರಗೆ ಪ್ರಚಾರವಾದದ್ದು ಬೈಯರ್ಸ್ ಗೆದ್ದರು ಅಂತ.

ಅದೇ ವರ್ಷ ಬರ್ಕ್ ತಮ್ಮ ತಂಡ ಕಟ್ಟಿಕೊಂಡು ಜಪಾನ್‌ಗೆ ಹೋದರು. ಅಲ್ಲಿ ಹೆಣ್ಣುಮಕ್ಕಳ ರೆಸ್ಲಿಂಗ್‌ಗೆ ಜನ ಮುಗಿಬಿದ್ದದ್ದು ಆ ಪ್ರವಾಸದಿಂದ. ಅವರು ಕಟ್ಟಿದ ಸಂಸ್ಥೆಯ ಬೆಲ್ಟೇ ಮುಂದೆ ಆಲ್ ಜಪಾನ್ ವಿಮೆನ್ಸ್ ಎಂಬ ಅಲ್ಲಿನ ರೆಸ್ಲಿಂಗ್ ಕಂಪನಿಯ ಅತಿ ದೊಡ್ಡ ಬೆಲ್ಟ್ ಆಯಿತು. ಈಗ ಪಟ್ಟಿ ನೋಡಿ. ಮದುವೆ, ಡಿವೋರ್ಸ್, ಸೊಸೆಯ ಜೊತೆ ಕುಸ್ತಿ, ಜಪಾನ್. ಒಂದೇ ದಾರ. ಮದುವೆಯನ್ನು ತೆಗೆದು ಬೇರೆ ಇಟ್ಟರೆ ದಾರ ಕಡಿದುಹೋಗುತ್ತದೆ, ಅಲ್ವಾ?

ಹೆಸರು

ಇದು ಸಣ್ಣ ಕೆಲಸ, ಬೇಗ ಮುಗಿಸಿ. ಪಟ್ಟಿಯ ಮೇಲೆ ಎಲ್ಲ ಹೆಸರನ್ನೂ ಬರೆದಿಡಿ: ಹುಟ್ಟಿದಾಗ ಇಟ್ಟದ್ದು, ಸಣ್ಣ ಕಂಪನಿಗಳಲ್ಲಿ ಆಡುವಾಗ ಇದ್ದದ್ದು, ದೊಡ್ಡ ಕಂಪನಿ ಕೊಟ್ಟದ್ದು, ಮದುವೆಯಾದ ಮೇಲೆ ಬದಲಾದದ್ದು. ಸರಾಯಾ ಜೇಡ್ ಬೆವಿಸ್ 13ನೇ ವಯಸ್ಸಿಗೆ ರಿಂಗಿಗೆ ಇಳಿದವರು. ಆಗ ಬ್ರಿಟಾನಿ ನೈಟ್. ಅಮೆರಿಕದ ದೊಡ್ಡ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಇ ಸೇರಿದ ಮೇಲೆ ಪೇಜ್. 2022ರಲ್ಲಿ ಎಇಡಬ್ಲ್ಯೂ ಕಂಪನಿಗೆ ಬಂದಾಗ ಬರೀ ಸರಾಯಾ. ಹಳೆಯ ಪಂದ್ಯ ಹುಡುಕಬೇಕಾದರೆ ಮೂರೂ ಹೆಸರು ಬೇಕು. ಚೈನಾ ಅಂತ ಪ್ರಸಿದ್ಧರಾದ ಜೋನ್ ಲಾರರ್ ಅವರ ವಿಷಯ ಇನ್ನೊಂದು ಬಗೆ. ರಿಂಗಿನ ಹೆಸರನ್ನೇ ಅವರು 2007ರಲ್ಲಿ ಕಾನೂನುಬದ್ಧವಾಗಿ ಇಟ್ಟುಕೊಂಡರು. ಅಲ್ಲಿಗೆ ಕೆಂಪು ಹೋಗಿ ನೀಲಿಯಾಯಿತು.

ಬರೆಯುವಾಗ ಆಯಾ ಕಾಲಕ್ಕೆ ಜನ ಯಾವ ಹೆಸರಿನಿಂದ ಕರೆಯುತ್ತಿದ್ದರೋ ಅದನ್ನೇ ಬಳಸಿ. ಅಂಗಳದಲ್ಲಿ ಆಡುತ್ತಿದ್ದ ಮಗುವನ್ನು ‘ಪೇಜ್’ ಅನ್ನಬೇಡಿ. ಹಾಗೆಯೇ ಅನೌನ್ಸರ್ ಕೂಗಿ ಹೇಳುವ ಊರು, ಎತ್ತರ, ತೂಕ ಯಾವುದನ್ನೂ ಸುಮ್ನೆ ನಂಬಿ ನೀಲಿಯಲ್ಲಿ ಬರೆಯಬೇಡಿ. ಅದು ಪಾತ್ರಕ್ಕೆ ಸೇರಿದ್ದು.

ವಂಶವೃಕ್ಷ ಬರೆಯಿರಿ, ಹೆಂಗಸರ ಕಡೆಯಿಂದಲೂ

ರೆಸ್ಲಿಂಗ್ ಮನೆತನ ಅಂದಕೂಡಲೇ ಎಲ್ಲರೂ ಅಜ್ಜ, ಅಪ್ಪ, ಮಗ ಅಂತ ಗಂಡಸರ ಸಾಲನ್ನೇ ಬರೆಯುತ್ತಾರೆ. ಡಬ್ಲ್ಯೂಡಬ್ಲ್ಯೂಇ ರೆಸ್ಲರ್ ನಟಾಲಿಯಾ ಅವರ ವಿಷಯದಲ್ಲಿ ಹೀಗೆ ಮಾಡಿದರೆ ಕೆಟ್ಟಿತು. ಅಪ್ಪ ಜಿಮ್ ನೈಡ್‌ಹಾರ್ಟ್ ದೊಡ್ಡ ರೆಸ್ಲರ್, ಸರಿ. ಆದರೆ ಆ ಮನೆಯ ಬೇರು ಇರುವುದು ಅಮ್ಮನ ಕಡೆ. ಅಮ್ಮನ ಅಪ್ಪ ಸ್ಟೂ ಹಾರ್ಟ್, ಕೆನಡಾದ ಕ್ಯಾಲ್ಗರಿಯವರು. ಮನೆಯ ನೆಲಮಾಳಿಗೆಯಲ್ಲೇ ಕುಸ್ತಿ ಕಲಿಸುತ್ತಿದ್ದರು, ಅದಕ್ಕೆ ‘ಡಂಜನ್’ ಅಂತಲೇ ಹೆಸರು. 12 ಮಕ್ಕಳು. ಎಂಟು ಗಂಡುಮಕ್ಕಳೂ ಒಂದಲ್ಲ ಒಂದು ರೀತಿ ರೆಸ್ಲಿಂಗ್‌ಗೆ ಬಂದರು. ನಾಲ್ಕು ಹೆಣ್ಣುಮಕ್ಕಳೂ ರೆಸ್ಲರ್‌ಗಳನ್ನೇ ಮದುವೆಯಾದರು. ಬ್ರೆಟ್ ಹಾರ್ಟ್, ಓವೆನ್ ಹಾರ್ಟ್ ಇಬ್ಬರೂ ನಟಾಲಿಯಾಗೆ ಸೋದರಮಾವಂದಿರು. ನಟಾಲಿಯಾ ಮದುವೆಯಾದದ್ದು ಟಿಜೆ ವಿಲ್ಸನ್ ಅವರನ್ನು. ಟಿವಿಯಲ್ಲಿ ಟೈಸನ್ ಕಿಡ್. ಅವರೂ ಅದೇ ನೆಲಮಾಳಿಗೆಯ ಹುಡುಗ.

ಈ ಚಿತ್ರ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ ಎಷ್ಟೋ ಗೊಂದಲ ಹೋಗುತ್ತದೆ. 2015ರಲ್ಲಿ ಟೈಸನ್ ಕಿಡ್‌ಗೆ ಕುತ್ತಿಗೆಗೆ ಭಾರಿ ಪೆಟ್ಟಾಯಿತು, ರಿಂಗಿನ ಬದುಕು ಮುಗಿಯಿತು. ಆಮೇಲೆ ಅವರು ತೆರೆಯ ಹಿಂದೆ ನಿಂತು ಹೆಣ್ಣುಮಕ್ಕಳ ಪಂದ್ಯಗಳನ್ನು ರೂಪಿಸುವ ಪ್ರೊಡ್ಯೂಸರ್ ಆದರು. ಇದನ್ನು ‘ನಟಾಲಿಯಾ ಪತಿ’ ಅಂತ ಒಂದು ಸಾಲಿಗೆ ಇಳಿಸಿಬಿಟ್ಟರೆ ಹೇಗೆ?

ದತ್ತು, ಮಲತಂದೆ ಇದ್ದರೆ ಹಾಗಂತಲೇ ಹೇಳಿ, ಮುಚ್ಚಿಡಬೇಡಿ. ಲೂನಾ ವಾಶಾನ್ ಕೆನಡಾದ ಹೆಸರಾಂತ ವಾಶಾನ್ ಮನೆತನದವರು. ರಕ್ತಸಂಬಂಧದಿಂದಲ್ಲ. ಅವರ ಅಮ್ಮ ಪಾಲ್ ವಾಶಾನ್ ಅವರನ್ನು ಮದುವೆಯಾದರು, ಪಾಲ್ ಈ ಮಗುವನ್ನು ದತ್ತು ತೆಗೆದುಕೊಂಡರು. ಚಿಕ್ಕವಳಿದ್ದಾಗ ಸುತ್ತಮುತ್ತ ಇದ್ದವರೆಲ್ಲ ರೆಸ್ಲರ್‌ಗಳೇ, ಅತ್ತೆ ವಿವಿಯನ್ ವಾಶಾನ್ ಕೂಡ. ಹುಟ್ಟಿದ ಮನೆಗಿಂತ ಬೆಳೆದ ಮನೆ ಇಲ್ಲಿ ಜಾಸ್ತಿ ಕೆಲಸ ಮಾಡಿದೆ.

ಸರಾಯಾ ಮನೆ ಇನ್ನೂ ಮಜಾ. ಇಂಗ್ಲೆಂಡಿನ ನಾರಿಚ್ ಊರಿನಲ್ಲಿ ಅಪ್ಪ ರಿಕಿ ನೈಟ್, ಅಮ್ಮ ಸ್ವೀಟ್ ಸರಾಯಾ ಸೇರಿ ರೆಸ್ಲಿಂಗ್ ಕಂಪನಿಯನ್ನೇ ನಡೆಸುತ್ತಿದ್ದರು. ಅಣ್ಣಂದಿರೂ ರೆಸ್ಲರ್‌ಗಳು. ಅಮ್ಮನ ರಿಂಗಿನ ಹೆಸರಲ್ಲಿ ಇರುವುದು ಮಗಳ ನಿಜವಾದ ಹೆಸರು. ಹಾಗಂತ ಮಗಳಿಂದ ಅಮ್ಮ ಪಡೆದದ್ದೋ, ಅಮ್ಮನಿಂದ ಮಗಳು ಪಡೆದದ್ದೋ ಅಂತ ಊಹೆ ಮಾಡಿ ಬರೆಯಲು ಹೋಗಬೇಡಿ. ಅಮ್ಮ ಮಗಳು ಇಬ್ಬರೂ ಅಮೆರಿಕದ ಶಿಮ್ಮರ್ ಎಂಬ ಮಹಿಳಾ ಕಂಪನಿಯಲ್ಲಿ ಒಂದೇ ಟೀಮಾಗಿ ಆಡಿದ್ದೂ ಉಂಟು. ಇಂಥ ಮಗು 2014ರ ಏಪ್ರಿಲ್‌ನಲ್ಲಿ ಡಬ್ಲ್ಯೂಡಬ್ಲ್ಯೂಇ ಮುಖ್ಯ ವೇದಿಕೆಯ ಮೊದಲ ರಾತ್ರಿಯೇ ಆಗಿನ ಚಾಂಪಿಯನ್ ಎಜೆ ಲೀ ಅವರನ್ನು ಸೋಲಿಸಿ ಬೆಲ್ಟ್ ಪಡೆದಾಗ ವಯಸ್ಸು 21. ‘ಅಚ್ಚರಿಯ ಗೆಲುವು’ ಅಂತ ಬರೆಯುವವರು ಅದರ ಹಿಂದಿನ ಎಂಟು ವರ್ಷದ ಕೆಲಸವನ್ನು ಮರೆತಿರುತ್ತಾರೆ.

ಒಂದೇ ಜೋಡಿ, ಎರಡು ಮದುವೆ

ಮದುವೆಯ ದಿನಾಂಕವನ್ನು ಯಾವತ್ತೂ ಎರಡು ಕಡೆ ನೋಡಿ. ಡಬ್ಲ್ಯೂಡಬ್ಲ್ಯೂಇ ಟಿವಿಯಲ್ಲಿ ಕಾಣುತ್ತಿದ್ದ ಸ್ಟೆಫನಿ ಮೆಕ್‌ಮಾನ್ ಮತ್ತು ರೆಸ್ಲರ್ ಟ್ರಿಪಲ್ ಎಚ್ ಮದುವೆ ಯಾವಾಗ ಆಯಿತು? ಟಿವಿ ನೋಡಿದವರು 1999ರ ನವೆಂಬರ್ ಅನ್ನುತ್ತಾರೆ. ಆಗ ಸ್ಟೆಫನಿಗೂ ಟೆಸ್ಟ್ ಎಂಬ ರೆಸ್ಲರ್‌ಗೂ ರಿಂಗಿನಲ್ಲೇ ಮದುವೆ ನಡೆಯುವುದರಲ್ಲಿತ್ತು. ಟ್ರಿಪಲ್ ಎಚ್ ಬಂದು, ಮದುವೆ ಆಗಲೇ ತನ್ನ ಜೊತೆ ಆಗಿಹೋಗಿದೆ ಅಂತ ವಿಡಿಯೊ ತೋರಿಸಿದರು. ಪೂರ್ತಿ ಕಥೆ. 2002ರಲ್ಲಿ ಕಥೆಯೊಳಗೇ ಅವರು ಬೇರೆಯಾದರು. ನಿಜವಾದ ಮದುವೆ ನಡೆದದ್ದು 2003ರ ಅಕ್ಟೋಬರ್ 25ರಂದು. ಅಂದರೆ ಟಿವಿಯಲ್ಲಿ ದೂರವಾದ ಮೇಲೆ ಬದುಕಿನಲ್ಲಿ ಗಂಡ ಹೆಂಡತಿ ಆದರು. ಪಟ್ಟಿಯಲ್ಲಿ 1999 ಕೆಂಪು, 2003 ನೀಲಿ.

ಇದರ ತಿರುಗುಮುರುಗು ಕೂಡ ಇದೆ. ರೆಸ್ಲರ್ ರ್‍ಯಾಂಡಿ ಸ್ಯಾವೇಜ್ ಮತ್ತು ಅವರ ಮ್ಯಾನೇಜರ್ ಪಾತ್ರದ ಮಿಸ್ ಎಲಿಜಬೆತ್ 1984ರಲ್ಲೇ ಮದುವೆಯಾಗಿದ್ದರು. ಟಿವಿಯಲ್ಲಿ ಅದನ್ನು ಹೇಳಲಿಲ್ಲ. 1991ರ ಸಮ್ಮರ್‌ಸ್ಲ್ಯಾಮ್ ಎಂಬ ದೊಡ್ಡ ಕಾರ್ಯಕ್ರಮದಲ್ಲಿ ಅದ್ಧೂರಿಯಾಗಿ ‘ಮದುವೆ’ ಮಾಡಿದರು. ಮುಂದಿನ ವರ್ಷವೇ ನಿಜ ಜೀವನದಲ್ಲಿ ಡಿವೋರ್ಸ್ ಆಯಿತು. ಎಲಿಜಬೆತ್ ರೆಸ್ಲರ್ ಅಲ್ಲ, ಆದರೂ ಈ ಉದಾಹರಣೆ ಬಿಡಲು ಮನಸ್ಸಾಗುವುದಿಲ್ಲ.

ಅಪ್ಪ ಮಗಳ ವಿಷಯಕ್ಕೂ ಇದೇ ಎಚ್ಚರ ಬೇಕು. ರೆಸ್ಲರ್ ಶಾರ್ಲೆಟ್ ಫ್ಲೇರ್ ನಿಜವಾಗಿಯೂ ಹೆಸರಾಂತ ರೆಸ್ಲರ್ ರಿಕ್ ಫ್ಲೇರ್ ಮಗಳು, ಮೂಲ ಹೆಸರು ಆ್ಯಶ್ಲಿ ಫ್ಲೀರ್. ಆ ಸಂಬಂಧ ನೀಲಿ. 2016ರ ಮೇ ತಿಂಗಳಲ್ಲಿ ಅವರು ರಿಂಗಿನಲ್ಲಿ ಅಪ್ಪನನ್ನು ಬಾಯಿಗೆ ಬಂದ ಹಾಗೆ ಬೈದು ಹೊರಗೆ ಕಳಿಸಿದರು. ಅದು ಕೆಂಪು. ‘ತಂದೆ ಮಗಳ ಸಂಬಂಧ ಹದಗೆಟ್ಟಿತು’ ಅಂತ ಬರೆದ ಕರಡನ್ನು ನೋಡಿದ್ದೇನೆ. ಹಾಗೆ ಬರೆದರೆ ಒಂದು ಮನೆಯ ಮೇಲೆ ಸುಳ್ಳು ಹೊರಿಸಿದ ಹಾಗಾಗುತ್ತದೆ.

ಇನ್ನು ಎರಡೂ ಬಣ್ಣ ಒಂದೇ ಸಾಲಿನಲ್ಲಿ ಬರುವ ಜಾಗಗಳು. ಇವೇ ಕಷ್ಟದವು. ಶಾರ್ಲೆಟ್ ತಮ್ಮ ರೀಡ್ ಕೂಡ ರೆಸ್ಲರ್. 2013ರ ಮಾರ್ಚ್‌ನಲ್ಲಿ ತೀರಿಕೊಂಡರು. 2015ರ ನವೆಂಬರ್‌ನಲ್ಲಿ ಪೇಜ್ ಜೊತೆಗಿನ ಕಥೆಯಲ್ಲಿ, ಸತ್ತ ಆ ತಮ್ಮನ ಹೆಸರೆತ್ತಿ ಕೆಣಕುವ ಮಾತನ್ನು ಪೇಜ್ ಬಾಯಲ್ಲಿ ಹೇಳಿಸಿದರು. ನೋಡಿದವರು ಸಿಟ್ಟಾದರು. ತಮ್ಮನ್ನು ಕೇಳಲೇ ಇಲ್ಲ ಅಂತ ರೀಡ್ ಅಮ್ಮ ನೊಂದುಕೊಂಡರು. ಇದನ್ನು ಎಲ್ಲಿ ಬರೆಯುತ್ತೀರಿ? ಪೇಜ್ ಕೆಟ್ಟ ಮಾತಾಡಿದರು ಅಂತ ಬರೆದರೆ ತಪ್ಪು, ಅದು ಪಾತ್ರದ ಮಾತು. ಬರೀ ಕಥೆ ಅಂತ ಬರೆದರೂ ತಪ್ಪು, ಅಲ್ಲಿ ನೊಂದ ತಾಯಿ ನಿಜ. ನಾನಾದರೆ ಹೀಗೆ ಬರೆಯುತ್ತೇನೆ: ‘ರೀಡ್ ತೀರಿಕೊಂಡು ಎರಡೂವರೆ ವರ್ಷ ಆಗಿತ್ತು. ಕಂಪನಿ ಆ ಸಾವನ್ನು ಕಥೆಗೆ ಎಳೆದು ತಂದಿತು. ಮಾತು ಪೇಜ್ ಬಾಯಿಂದ ಬಂತು. ಮನೆಯವರು ಅದನ್ನು ಒಪ್ಪಲಿಲ್ಲ.’ ಯಾರು ಏನು ಮಾಡಿದರು ಅನ್ನುವುದು ಸ್ಪಷ್ಟವಾಗಿರಬೇಕು. ಅಷ್ಟೇ ಸಾಕು, ಮೇಲೆ ಕಣ್ಣೀರಿನ ಸಾಲು ಸೇರಿಸಬೇಡಿ.

ಬೆಲ್ಟ್ ಲೆಕ್ಕ

ಕಂಪನಿ ಹೇಳುವ ಲೆಕ್ಕವೂ ಕಥೆಯ ಭಾಗ. ಫ್ಯಾಬುಲಸ್ ಮೂಲಾ 1956ರಿಂದ 1984ರವರೆಗೆ ಸತತ 28 ವರ್ಷ ಚಾಂಪಿಯನ್ ಅಂತ ಡಬ್ಲ್ಯೂಡಬ್ಲ್ಯೂಇ ಹೇಳುತ್ತದೆ. ನಡುವೆ ಅವರು ಬೆಲ್ಟ್ ಕಳೆದುಕೊಂಡು ಮತ್ತೆ ಗೆದ್ದದ್ದಿದೆ. 1966ರಲ್ಲಿ ಬೆಟ್ಟಿ ಬೌಷರ್ ಎದುರು, 1968ರಲ್ಲಿ ಜಪಾನ್‌ನಲ್ಲಿ ಯುಕಿಕೊ ತೊಮೊಯೆ ಎದುರು. ಕಂಪನಿಯ ಪಟ್ಟಿಯಲ್ಲಿ ಇವರಿಬ್ಬರ ಹೆಸರಿಲ್ಲ. ನಿಮ್ಮ ಬರಹದಲ್ಲಿ ಇರಲಿ. ‘28 ವರ್ಷ ಅಂತ ಕಂಪನಿ ಲೆಕ್ಕ ಹಾಕುತ್ತದೆ’ ಎಂದು ಬರೆದು, ಪಕ್ಕದಲ್ಲೇ ಈ ಎರಡು ಹೆಸರು ಹಾಕಿ.

ಮೂಲಾ ಬರೀ ಚಾಂಪಿಯನ್ ಅಲ್ಲ. ಹುಡುಗಿಯರಿಗೆ ಕಲಿಸುವವರೂ ಅವರೇ, ಪಂದ್ಯಕ್ಕೆ ಕಳಿಸುವವರೂ ಅವರೇ, ಸಂಪಾದನೆಯಲ್ಲಿ ಪಾಲು ಪಡೆಯುವವರೂ ಅವರೇ. ವೆಂಡಿ ರಿಕ್ಟರ್ ಅವರದೇ ಶಿಷ್ಯೆ. 1984ರ ಜುಲೈನಲ್ಲಿ ರಿಕ್ಟರ್ ಗೆದ್ದರು. 1985ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ‘ಸ್ಪೈಡರ್ ಲೇಡಿ’ ಎಂಬ ಮುಸುಕಿನ ರೆಸ್ಲರ್ ಎದುರು ನಿಂತರು. ರಿಕ್ಟರ್‌ಗೆ ಆಗ ಕಂಪನಿಯ ಜೊತೆ ದುಡ್ಡಿನ ವಿಷಯಕ್ಕೆ ಜಗಳ ನಡೆದಿತ್ತು. ಪಿನ್ ಆದಾಗ, ಅಂದರೆ ಭುಜ ನೆಲಕ್ಕೆ ಒತ್ತಿ ಹಿಡಿದು ರೆಫರಿ ಮೂರು ಎಣಿಸುವಾಗ, ರಿಕ್ಟರ್ ಭುಜ ಎತ್ತಿದರು, ರೆಫರಿ ಎಣಿಕೆ ಮುಗಿಸಿಯೇಬಿಟ್ಟರು. ಮುಸುಕು ಕಿತ್ತು ನೋಡಿದರೆ ಒಳಗೆ ಮೂಲಾ. ಸೋಲುವ ವಿಷಯ ರಿಕ್ಟರ್‌ಗೆ ಯಾರೂ ಹೇಳಿರಲಿಲ್ಲ. ಪಂದ್ಯ ಕೆಂಪು ಅಂದುಕೊಂಡು ಹೋದವರಿಗೆ ಅದು ನೀಲಿಯಾಗಿ ಬಡಿಯಿತು. ಮೂಲಾ ತೀರಿಕೊಂಡ ಮೇಲೆ ಅವರು ಶಿಷ್ಯೆಯರನ್ನು ನಡೆಸಿಕೊಂಡ ರೀತಿಯ ಬಗ್ಗೆ ಗಂಭೀರ ಆರೋಪಗಳು ಬಂದವು. 2018ರಲ್ಲಿ ಒಂದು ಪಂದ್ಯಕ್ಕೆ ಇಟ್ಟ ಅವರ ಹೆಸರನ್ನು ಜನರ ಆಕ್ಷೇಪಣೆಯ ಮೇಲೆ ಕಂಪನಿ ತೆಗೆಯಿತು. ಆರೋಪವನ್ನು ಆರೋಪ ಅಂತಲೇ ಬರೆಯಿರಿ, ಆದರೆ ಬಿಡಬೇಡಿ.

ಬೆಲ್ಟುಗಳ ಹೆಸರೂ ಬದಲಾಗುತ್ತಿರುತ್ತದೆ. ಡಬ್ಲ್ಯೂಡಬ್ಲ್ಯೂಇಯ ಹಳೆಯ ಮಹಿಳಾ ಬೆಲ್ಟ್ 2010ರಲ್ಲಿ ನಿಂತುಹೋಯಿತು. 2008ರಲ್ಲಿ ಬಂದ ದೀವಾಸ್ ಎಂಬ ಇನ್ನೊಂದು ಮಹಿಳಾ ಬೆಲ್ಟ್ 2016ರಲ್ಲಿ ಹೋಯಿತು, ಹೊಸದು ಬಂತು. 2023ರ ಜೂನ್‌ನಲ್ಲಿ ಎರಡು ಬೆಲ್ಟುಗಳ ಹೆಸರು ಮತ್ತೆ ಬದಲಾಯಿತು. ಗೆದ್ದ ದಿನ ಇದ್ದ ಹೆಸರನ್ನೇ ಬರೆಯಿರಿ.

ಒಂದು ಸಾಲನ್ನು ಹಿಡಿದು ನೋಡಿ

ಭಾರತದ ರೆಸ್ಲರ್ ಕವಿತಾ ದೇವಿ ಬಗ್ಗೆ ಎಲ್ಲ ಕಡೆ ಸಿಗುವ ಒಂದು ಸಾಲು: ‘ಪವರ್‌ಲಿಫ್ಟರ್, 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು.’ ಓದಲು ಸರಿಯಾಗೇ ಇದೆ. ಆದರೆ ಆ ಕೂಟದಲ್ಲಿ ಇದ್ದದ್ದು ವೇಟ್‌ಲಿಫ್ಟಿಂಗ್. ಅವರು ಗೆದ್ದದ್ದು 75 ಕೆಜಿ ವಿಭಾಗದಲ್ಲಿ. ಎರಡೂ ಭಾರ ಎತ್ತುವ ಆಟವೇ, ಆದರೆ ಬೇರೆ ಬೇರೆ. ವೇಟ್‌ಲಿಫ್ಟಿಂಗ್‌ನಲ್ಲಿ ಬಾರನ್ನು ತಲೆಯ ಮೇಲೆ ಎತ್ತಬೇಕು. ಪವರ್‌ಲಿಫ್ಟಿಂಗ್‌ನಲ್ಲಿ ಸ್ಕ್ವಾಟ್, ಬೆಂಚ್ ಪ್ರೆಸ್, ಡೆಡ್‌ಲಿಫ್ಟ್. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಸಾಲು ಊರೆಲ್ಲ ತಿರುಗಿದೆ. ಹೀಗೆ ಪ್ರತಿ ಸಾಲಿಗೂ ಕೇಳಿ: ಆ ಕೂಟದಲ್ಲಿ ಆ ಆಟ ಇತ್ತಾ? ಆ ಊರಿನಲ್ಲಿ ಆ ದಿನ ಪಂದ್ಯ ಇತ್ತಾ?

ಅವರ ಪಟ್ಟಿಯ ಉಳಿದ ಭಾಗ ಸಲೀಸು. ಹರಿಯಾಣದ ಜಿಂದ್ ಜಿಲ್ಲೆಯವರು. ಮದುವೆಯಾಗಿ, ಮಗನೂ ಹುಟ್ಟಿದ ಮೇಲೆ ಜಲಂಧರ್‌ನಲ್ಲಿ ಗ್ರೇಟ್ ಖಲಿ ಅವರ ಅಕಾಡೆಮಿಗೆ ಬಂದರು. 2017ರಲ್ಲಿ ಡಬ್ಲ್ಯೂಡಬ್ಲ್ಯೂಇಯ ‘ಮೇ ಯಂಗ್ ಕ್ಲಾಸಿಕ್’ ಎಂಬ ಮಹಿಳಾ ಟೂರ್ನಿಯಲ್ಲಿ ಸಲ್ವಾರ್ ಕಮೀಜ್ ಹಾಕಿಕೊಂಡೇ ರಿಂಗಿಗೆ ಇಳಿದು ಡಕೋಟಾ ಕೈ ಎದುರು ಸೋತರು. ಆ ವರ್ಷವೇ ಡಬ್ಲ್ಯೂಡಬ್ಲ್ಯೂಇ ಒಪ್ಪಂದ ಸಿಕ್ಕಿತು, ಭಾರತದ ಹೆಣ್ಣುಮಗಳಿಗೆ ಮೊದಲ ಬಾರಿ. ಮಗು ಆದ ಮೇಲೆ ಶುರು ಮಾಡಿದರು ಅನ್ನುವುದನ್ನು ಕೊನೆಗೆ ತಳ್ಳಬೇಡಿ. ಮಧ್ಯದಲ್ಲೇ ಅದರ ಜಾಗ.

ಪೆನ್ಸಿಲ್ ಸಾಲುಗಳನ್ನು ಏನು ಮಾಡುವುದು? ಅದಕ್ಕೆ ಹಮೀದಾ ಬಾನು ಉದಾಹರಣೆ. ಟಿಕೆಟ್ ಕೊಂಡು ಬಂದ ಜನರ ಮುಂದೆ ಗಂಡಸರ ಜೊತೆ ಕುಸ್ತಿ ಆಡಿದವರು. ಅಲಿಗಢದ ಸಲಾಂ ಪಹಲ್ವಾನ್ ಬಳಿ ಕಲಿತರು. ತನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ ಅಂತ 1954ರಲ್ಲಿ ಸವಾಲು ಹಾಕಿದರು. ಮೇ ತಿಂಗಳಲ್ಲಿ ಬರೋಡಾದಲ್ಲಿ ಬಾಬಾ ಪಹಲ್ವಾನ್ ಅವರನ್ನು 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದರು. ಸಮಯ, ಪಂದ್ಯ ಎಲ್ಲ ಪತ್ರಿಕೆಗಳಲ್ಲಿ ಬಂದದ್ದು. ಆದರೆ ಸಲಾಂ ಅವರನ್ನು ಮದುವೆಯಾಗಿದ್ದರಾ? ಸಲಾಂ ಮಗಳು ಹೌದು ಅನ್ನುತ್ತಾರೆ. ಹಮೀದಾ ಜೊತೆ ಬೆಳೆದ ಮೊಮ್ಮಗ ಇಲ್ಲ ಅನ್ನುತ್ತಾರೆ. ಯುರೋಪಿಗೆ ಹೋಗಲು ಹೊರಟಾಗ ಸಲಾಂ ಹೊಡೆದು ಕೈ ಮುರಿದರು ಅಂತಲೂ ಮೊಮ್ಮಗ ಹೇಳುತ್ತಾರೆ. ಇಂಥಲ್ಲಿ ತೀರ್ಪು ಕೊಡಲು ನೀವು ಯಾರು? ಎರಡು ಮಾತನ್ನೂ, ಯಾರು ಹೇಳಿದ್ದು ಅನ್ನುವುದನ್ನೂ ಬರೆದು ಮುಂದೆ ಹೋಗಿ. ‘ಎನ್ನಲಾಗಿದೆ’ ಅಂತ ಬರೆದು ತಪ್ಪಿಸಿಕೊಳ್ಳಬೇಡಿ. ಯಾರು ಅಂದದ್ದು ಅಂತ ಓದುಗರು ಕೇಳುತ್ತಾರೆ.

ಖಾಲಿ ವರ್ಷಗಳು

ಪಟ್ಟಿ ಮುಗಿದ ಮೇಲೆ ಅದರಲ್ಲಿ ಖಾಲಿ ಇರುವ ವರ್ಷಗಳನ್ನು ಹುಡುಕಿ. ಪಂದ್ಯವೇ ಇಲ್ಲದ ಜಾಗಗಳು. ಹೆಚ್ಚಿನ ಕರಡುಗಳು ಇವನ್ನು ಹಾರಿಬಿಡುತ್ತವೆ. ನನಗೆ ಇವೇ ಮುಖ್ಯ.

ಬೆಕಿ ಲಿಂಚ್ ತೆಗೆದುಕೊಳ್ಳಿ. ಐರ್ಲೆಂಡಿನವರು, ಮೂಲ ಹೆಸರು ರೆಬೆಕಾ ಕ್ವಿನ್. ಹದಿಹರೆಯದಲ್ಲೇ ಕಲಿತು ಆಡತೊಡಗಿದರು. 2006ರಲ್ಲಿ ತಲೆಗೆ ಪೆಟ್ಟಾಯಿತು. ಆಮೇಲೆ ವರ್ಷಗಟ್ಟಲೆ ರಿಂಗಿನಿಂದ ದೂರ. ವಿಮಾನದಲ್ಲಿ ಅಟೆಂಡೆಂಟ್ ಕೆಲಸ ಮಾಡಿದರು, ನಟನೆ ಕಲಿತರು. 2013ರಲ್ಲಿ ಡಬ್ಲ್ಯೂಡಬ್ಲ್ಯೂಇಗೆ ಬಂದರು. 2019ರ ಏಪ್ರಿಲ್‌ನಲ್ಲಿ, ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮವಾದ ರೆಸಲ್‌ಮೇನಿಯಾದ ಕೊನೆಯ, ಮುಖ್ಯ ಪಂದ್ಯವನ್ನು ಮೊದಲ ಬಾರಿ ಹೆಣ್ಣುಮಕ್ಕಳು ಆಡಿದರು. ಶಾರ್ಲೆಟ್ ಮತ್ತು ರೋಂಡಾ ರೌಸಿ ಎದುರು ಬೆಕಿ ಗೆದ್ದು ಎರಡು ಬೆಲ್ಟ್ ಹೊತ್ತರು. 2006ರಿಂದ ಸೀದಾ 2013ಕ್ಕೆ ಹಾರಿದರೆ ಈ ಹೆಣ್ಣುಮಗಳು ಬಿಟ್ಟುಹೋಗಿ ವಾಪಸ್ ಬಂದವರು ಅನ್ನುವುದೇ ತಿಳಿಯುವುದಿಲ್ಲ.

ಇನ್ನೊಂದು ಖಾಲಿ ಜಾಗ 2020. ಮೇ 11ರ ರಾತ್ರಿ ಬೆಕಿ ರಿಂಗಿಗೆ ಬಂದು, ಹಿಂದಿನ ದಿನ ‘ಮನಿ ಇನ್ ದ ಬ್ಯಾಂಕ್’ ಎಂಬ ಪಂದ್ಯ ಗೆದ್ದಿದ್ದ ಅಸುಕಾ ಅವರಿಗೆ ಬೆಲ್ಟ್ ಕೊಟ್ಟರು. ತಾನು ಬಸುರಿ ಅಂತ ಹೇಳಿದರು. ಡಿಸೆಂಬರ್‌ನಲ್ಲಿ ಮಗಳು ಹುಟ್ಟಿದಳು. 2021ರ ಜೂನ್‌ನಲ್ಲಿ ಸೆತ್ ರಾಲಿನ್ಸ್ ಜೊತೆ ಮದುವೆ. ಆಗಸ್ಟ್‌ನ ಸಮ್ಮರ್‌ಸ್ಲ್ಯಾಮ್‌ನಲ್ಲಿ ವಾಪಸ್ ಬಂದು ಬಿಯಾಂಕಾ ಬೆಲೇರ್ ಅವರನ್ನು 26 ಸೆಕೆಂಡಿನಲ್ಲಿ ಸೋಲಿಸಿದರು. ಇದನ್ನು ಒಂದೇ ಪ್ಯಾರಾದಲ್ಲಿ, ಇದೇ ಕ್ರಮದಲ್ಲಿ ಬರೆಯಿರಿ. 26 ಸೆಕೆಂಡನ್ನು ‘ವೃತ್ತಿಜೀವನ’ದಲ್ಲೂ ಮಗಳನ್ನು ‘ವೈಯಕ್ತಿಕ’ದಲ್ಲೂ ಹಂಚಿದರೆ ಆ ವಾಪಸಾತಿಯ ತೂಕವೇ ಹೋಗುತ್ತದೆ. ಸೋಲು ಗೆಲುವು ಬರೆದಿಟ್ಟದ್ದಿರಬಹುದು. ಹೆತ್ತು ಎಂಟು ತಿಂಗಳಿಗೆ ರಿಂಗಿಗೆ ಬಂದದ್ದು ಬರೆದಿಟ್ಟದ್ದಲ್ಲ.

ಜಪಾನ್‌ನವರ ಬಗ್ಗೆ ಬರೆಯುವಾಗ ಖಾಲಿ ವರ್ಷ ಸಿಕ್ಕರೆ ಕಂಪನಿಯ ನಿಯಮ ನೋಡಿ. ಆಲ್ ಜಪಾನ್ ವಿಮೆನ್ಸ್‌ನಲ್ಲಿ ಕುಡಿತ, ಸಿಗರೇಟು, ಗಂಡಸರ ಸಹವಾಸ ಮೂರೂ ಕೂಡದು ಅಂತ ಇತ್ತು. 26 ಆಗುವ ಹೊತ್ತಿಗೆ ನಿವೃತ್ತಿ. ಚಿಗುಸಾ ನಗಾಯೊ ಅಷ್ಟು ದೊಡ್ಡ ತಾರೆ, ಅವರೂ 1989ರಲ್ಲಿ ಬಿಟ್ಟರು. 1993ರಲ್ಲಿ ವಾಪಸ್ ಬಂದು ಆಮೇಲೆ ಸ್ವಂತ ಕಂಪನಿಯನ್ನೇ ಕಟ್ಟಿದರು. ಮದುವೆ, ಸಂಸಾರ ಯಾಕಿಲ್ಲ ಅಂತ ಹುಡುಕುವ ಬದಲು ನಿಯಮವನ್ನೇ ಬರೆಯಿರಿ, ಉತ್ತರ ಅಲ್ಲೇ ಇದೆ.

ಕೊನೆಗೆ ನಿವೃತ್ತಿಯ ಸಾಲು. ರೆಸ್ಲಿಂಗ್‌ನಲ್ಲಿ ಆ ಪದವನ್ನು ಗಟ್ಟಿಯಾಗಿ ಬರೆಯಬೇಡಿ. ಟ್ರಿಶ್ ಸ್ಟ್ರಾಟಸ್ 2006ರಲ್ಲಿ ಹುಟ್ಟೂರು ಟೊರಾಂಟೊದಲ್ಲಿ ಬೆಲ್ಟ್ ಗೆದ್ದು ವಿದಾಯ ಹೇಳಿದರು. 2023ರಲ್ಲಿ ಬೆಕಿ ಲಿಂಚ್ ಎದುರು ತಿಂಗಳುಗಟ್ಟಲೆ ಆಡಿದರು. ಸರಾಯಾ 2018ರ ಏಪ್ರಿಲ್‌ನಲ್ಲಿ ಕುತ್ತಿಗೆಯ ಗಾಯದಿಂದ ನಿವೃತ್ತಿ ಅಂತ ಅತ್ತು ಹೇಳಿದರು. 2023ರ ಆಗಸ್ಟ್‌ನಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ಮನೆಯವರ ಕಣ್ಣೆದುರೇ ಎಇಡಬ್ಲ್ಯೂ ಬೆಲ್ಟ್ ಗೆದ್ದರು. ‘ಇಂಥ ವರ್ಷ ನಿವೃತ್ತಿ ಘೋಷಿಸಿದರು’ ಅಂತ ಬರೆಯಿರಿ, ‘ನಿವೃತ್ತರಾದರು’ ಬೇಡ. ಪೆನ್ನು ನೀಲಿಯೇ ಇರಲಿ, ಕೆಳಗೆ ಒಂದೆರಡು ಗೆರೆ ಖಾಲಿ ಬಿಟ್ಟಿರಿ.